ಏಳು ಪುಸ್ತಕದ ಬಾಕ್ಸ್ ಸೆಟ್, ಮತ್ತು ನಾವು ಸುಮ್ನೆ ಬೈದ ಕ್ಯಾಟ್ಲಿನ್

ಜಾರ್ಜ್ ಆರ್. ಆರ್. ಮಾರ್ಟಿನ್ ಅವರ 'ಎ ಸಾಂಗ್ ಆಫ್ ಐಸ್ ಆ್ಯಂಡ್ ಫೈರ್' ಸರಣಿಯ ಪೇಪರ್‌ಬ್ಯಾಕ್ ಸೆಟ್ ತರಿಸಿಕೊಂಡು ಮೂರು ತಿಂಗಳಾಯಿತು. ಟಿವಿಯಲ್ಲಿ 'ಗೇಮ್ ಆಫ್ ಥ್ರೋನ್ಸ್' ಅಂತ ಬಂತಲ್ಲ, ಅದರ ಮೂಲ ಇದೇ. ನನ್ನ ಕಡೆಯಿಂದ ನಾಲ್ಕು ಸ್ಟಾರ್. ಕಳೆದ ಒಂದು ಸ್ಟಾರ್ ಅಕ್ಷರದ ಗಾತ್ರಕ್ಕೆ, ಕಥೆಗಲ್ಲ. ಮುಂದೆ ಕಥೆಯ ಗುಟ್ಟುಗಳನ್ನೆಲ್ಲ ಹೇಳಿದ್ದೇನೆ. ಓದದವರು, ನೋಡದವರು ಮುಂದಿನ ಪ್ಯಾರಾ ಮುಗಿಸಿ ನಿಲ್ಲಿಸಿಬಿಡಿ.

ಇಲ್ಲಿಯವರೆಗೆ ಬಂದಿರುವುದು ಐದು ಕಾದಂಬರಿ, ಆದರೆ ಡಬ್ಬಿಯಲ್ಲಿ ಏಳು ಪುಸ್ತಕ ಇವೆ. ಮೂರನೆಯದನ್ನೂ ಐದನೆಯದನ್ನೂ ಎರಡೆರಡು ಭಾಗ ಮಾಡಿದ್ದಾರೆ. ಮಲಗಿಕೊಂಡು ಓದುವವರಿಗೆ ಇದು ದೊಡ್ಡ ಉಪಕಾರ, ಇಲ್ಲದಿದ್ದರೆ ಮೂರನೆಯದನ್ನು ಕೈಯಲ್ಲಿ ಹಿಡಿಯೋಕೂ ಆಗುತ್ತಿರಲಿಲ್ಲ. ಕಾಗದ ತೆಳು, ಅಕ್ಷರ ಸಣ್ಣದು, ರಾತ್ರಿ ಮಂದ ಬೆಳಕಿನಲ್ಲಿ ಕಣ್ಣು ಉರಿಯುತ್ತದೆ. ನನಗೆ ಬಂದ ಡಬ್ಬಿಯ ಒಂದು ಮೂಲೆ ಜಜ್ಜಿ ಹೋಗಿತ್ತು, ಒಳಗಿನ ಪುಸ್ತಕಗಳಿಗೆ ಏನೂ ಆಗಿರಲಿಲ್ಲ. ಕಥೆ ಇನ್ನೂ ಮುಗಿದಿಲ್ಲ ಅನ್ನುವುದು ಗೊತ್ತಿರಲಿ. ಐದನೆಯ ಕಾದಂಬರಿ ಬಂದಿದ್ದು 2011ರಲ್ಲಿ, ಆರನೆಯದಕ್ಕೆ ಎಲ್ಲರೂ ಕಾಯುತ್ತಲೇ ಇದ್ದೇವೆ.

ಈಗ ನಾನು ಹೇಳಬೇಕು ಅಂದುಕೊಂಡ ವಿಷಯಕ್ಕೆ ಬರುತ್ತೇನೆ. ಹಾಸ್ಟೆಲ್‌ನಲ್ಲಿ ಐದಾರು ಜನ ಒಂದೇ ಲ್ಯಾಪ್‌ಟಾಪ್ ಮುಂದೆ ಕೂತು ಈ ಸೀರಿಯಲ್ ನೋಡಿದವರು ನಾವು. ವಿಂಟರ್‌ಫೆಲ್ ಕೋಟೆಯ ದೊರೆ ನೆಡ್‌ನ ಹೆಂಡತಿ ಕ್ಯಾಟ್ಲಿನ್ ಸ್ಟಾರ್ಕ್ ಪರದೆ ಮೇಲೆ ಬಂದರೆ ಸಾಕು, ಎಲ್ಲರಿಗೂ ಸಿಟ್ಟು. ಗಂಡನಿಗೆ ಹೊರಗೆ ಹುಟ್ಟಿದ ಮಗ ಅನ್ನಿಸಿಕೊಂಡ ಜಾನ್ ಸ್ನೋನ ಮುಖ ಕಂಡರೆ ಆಗದವಳು, ಶತ್ರು ಮನೆತನ ಲ್ಯಾನಿಸ್ಟರ್‌ಗಳ ಟಿರಿಯನ್‌ನನ್ನು ಸುಮ್ನೆ ಹಿಡಿದು ಯುದ್ಧ ಹಚ್ಚಿದವಳು, ಸೆರೆ ಸಿಕ್ಕಿದ್ದ ಅವನ ಅಣ್ಣ ಜೇಮಿ ಲ್ಯಾನಿಸ್ಟರ್‌ನನ್ನು ಬಿಟ್ಟು ಕಳಿಸಿ ಹಿರಿ ಮಗ ರಾಬ್‌ನ ಸೈನ್ಯವನ್ನೇ ಒಡೆದವಳು. ಈ ಕಥೆ ಮೆಚ್ಚುವ ಯಾರನ್ನೇ ಕೇಳಿ, ಆಗ ಹೆಚ್ಚು ಕಡಿಮೆ ಇದೇ ಪಟ್ಟಿ ಹೇಳುತ್ತಿದ್ದರು. ಈಗ ಮತ್ತೆ ಓದುತ್ತಿರುವವರಲ್ಲಿ ಅನೇಕರು ಮನಸ್ಸು ಬದಲಾಯಿಸಿದ್ದಾರೆ. ನಾನೂ ಬದಲಾಯಿಸಿದೆ, ಅದಕ್ಕೆ ಕಾರಣ ಈ ಪುಸ್ತಕಗಳು.

ಇಲ್ಲಿ ಪ್ರತಿ ಅಧ್ಯಾಯದ ತಲೆಯ ಮೇಲೆ ಒಬ್ಬರ ಹೆಸರು ಇರುತ್ತದೆ, ಅಲ್ಲಿ ನಡೆಯುವುದನ್ನೆಲ್ಲ ಅವರ ಕಣ್ಣಿಂದಲೇ ನೋಡಬೇಕು. ಕ್ಯಾಟ್ಲಿನ್ ಹೆಸರಿನವು ಮೊದಲ ಕಾದಂಬರಿಯಲ್ಲಿ 11, ಎರಡನೆಯದರಲ್ಲಿ 7, ಮೂರನೆಯದರಲ್ಲಿ 7. ಈ ಸಲ ಆ 25 ಅಧ್ಯಾಯಗಳನ್ನು ಮಾತ್ರ ಒಂದಾದ ಮೇಲೊಂದು ಓದಿದೆ. ಆಗ ಹೊಳೆದ ಮೊದಲ ಸಂಗತಿ ಏನು ಗೊತ್ತಾ? ನಾವೆಲ್ಲ ಅವಳನ್ನು ದ್ವೇಷಿಸೋಕೆ ಶುರು ಮಾಡಿದ ಆ ದೃಶ್ಯ ಇವುಗಳಲ್ಲಿ ಇಲ್ಲವೇ ಇಲ್ಲ.

ಅವಳ ಪುಟ್ಟ ಮಗ ಬ್ರಾನ್ ಗೋಪುರದಿಂದ ಬಿದ್ದು ಪ್ರಜ್ಞೆ ಇಲ್ಲದೆ ಮಲಗಿದ್ದಾನೆ. ನಾಡಿನ ಉತ್ತರದ ಗಡಿಯ ಗೋಡೆ ಕಾಯೋಕೆ ಹೊರಟ ಜಾನ್ ತಮ್ಮನಿಗೆ ವಿದಾಯ ಹೇಳೋಕೆ ಬರುತ್ತಾನೆ. ಬಾಗಿಲ ಹತ್ತಿರ ಹೋದಾಗ ಕ್ಯಾಟ್ಲಿನ್ ಅವನನ್ನು ಹೆಸರು ಹಿಡಿದು ಕರೆಯುತ್ತಾಳೆ, ಹುಟ್ಟಿದಾಗಿನಿಂದ ಒಮ್ಮೆಯೂ ಹಾಗೆ ಕರೆದವಳಲ್ಲ. ಹುಡುಗ ತಿರುಗಿ ನೋಡುತ್ತಾನೆ. ಅವಳು ಹೇಳುವುದು, ಈ ಗತಿ ನಿನಗೆ ಬರಬೇಕಿತ್ತು ಅಂತ. ಎದೆ ಕಿವುಚಿದ ಹಾಗಾಗುತ್ತದೆ. ಆದರೆ ಅದು ಜಾನ್ ಹೆಸರಿನ ಅಧ್ಯಾಯ. ಏಟು ತಿಂದವನ ಒಳಗೆ ಕೂತು ನಾವು ಆ ಮಾತು ಕೇಳುತ್ತೇವೆ. ಹೆಚ್ಚು ಕಡಿಮೆ ಹದಿನೈದು ದಿನ ಹಗಲೂ ರಾತ್ರಿ ಆ ಹಾಸಿಗೆ ಬಿಟ್ಟು ಏಳದೆ, ತಲೆ ಬಾಚದೆ, ನಿದ್ದೆ ಮಾಡದೆ ಕೂತವಳ ಒಳಗೆ ಆಗ ನಾವು ಇರುವುದಿಲ್ಲ.

ನನ್ನ ತಮ್ಮ ಬೈಕಿನಿಂದ ಬಿದ್ದಾಗ ಅಮ್ಮ ಒಂಬತ್ತು ರಾತ್ರಿ ಆಸ್ಪತ್ರೆಯ ಕಾರಿಡಾರ್‌ನಲ್ಲಿ ಕಳೆದಳು. ಅತ್ತೆ ಡಬ್ಬಿಯಲ್ಲಿ ಇಡ್ಲಿ ಹಾಕಿಕೊಂಡು ಬಂದು, ಸ್ವಲ್ಪ ತಿನ್ನು ಅಂದರು. "ನಿಮ್ಮ ಮಕ್ಕಳು ಚೆನ್ನಾಗಿದ್ದಾರಲ್ಲ, ನಿಮಗೇನು ಗೊತ್ತಾಗುತ್ತೆ" ಅಂದುಬಿಟ್ಟಳು ಅಮ್ಮ. ಅತ್ತೆ ಡಬ್ಬಿಯನ್ನು ಬೆಂಚಿನ ಮೇಲಿಟ್ಟು ಹೊರಟುಹೋದರು. ಇಬ್ಬರೂ ಆ ಮಾತನ್ನು ಮತ್ತೆ ಎತ್ತಲಿಲ್ಲ. ಅಮ್ಮನನ್ನು ಆ ಒಂದು ಮಾತಿನಿಂದ ಅಳೆಯೋಕೆ ನನಗೆ ಆಗಲ್ಲ.

ಜಾನ್ ವಿಷಯದಲ್ಲಿ ಇನ್ನೊಂದಿದೆ. ಮದುವೆಯಾಗಿ ಕೆಲವೇ ದಿನಕ್ಕೆ ನೆಡ್ ಯುದ್ಧಕ್ಕೆ ಹೋದ, ಬರುವಾಗ ಒಂದು ಕೂಸು ತಂದ. ಇದರ ತಾಯಿ ಯಾರು ಅಂತ ಕ್ಯಾಟ್ಲಿನ್ ಕೇಳಿದ್ದು ಒಂದೇ ಸಲ. ಇಷ್ಟು ವರ್ಷದ ಸಂಸಾರದಲ್ಲಿ ಗಂಡನನ್ನು ಕಂಡು ಅವಳು ಹೆದರಿದ್ದು ಆವತ್ತು ಮಾತ್ರ. ಗಂಡನಿಗೆ ಎಲ್ಲೋ ದೂರದಲ್ಲಿ ಹತ್ತು ಮಕ್ಕಳಿದ್ದರೂ ಅವಳು ತಲೆ ಕೆಡಿಸಿಕೊಳ್ಳುತ್ತಿರಲಿಲ್ಲ. ಈ ಹುಡುಗ ಮಾತ್ರ ಅದೇ ಮನೆಯಲ್ಲಿ ಬೆಳೆದ, ಅವಳ ಗಂಡು ಮಕ್ಕಳಿಗಿಂತ ಜಾಸ್ತಿ ಅಪ್ಪನನ್ನೇ ಹೋಲುತ್ತಿದ್ದ. ನಾಳೆ ಇವನ ಮಕ್ಕಳು ಬಂದು ವಿಂಟರ್‌ಫೆಲ್ ನಮ್ಮದು ಅಂದರೆ? ಆ ನಾಡಿನ ಚರಿತ್ರೆಯಲ್ಲಿ ಅಂಥ ಯುದ್ಧ ನಡೆದಿದೆ. ಅವನು ನೆಡ್‌ನ ಮಗನೇ ಅಲ್ಲ, ತಂಗಿಯ ಮಗ ಅಂತ ಸೀರಿಯಲ್ 2016ರಲ್ಲಿ ತೋರಿಸಿತು. ಅಂದರೆ ಅವಳು ವರ್ಷಗಟ್ಟಲೆ ನುಂಗಿದ ಅವಮಾನ ಒಂದು ಸುಳ್ಳಿನದು. ಹುಡುಗನ ಜೀವ ಉಳಿಸೋಕೆ ಹೇಳಿದ ಸುಳ್ಳು, ಒಪ್ಪುತ್ತೇನೆ. ಅದರ ಬೆಲೆ ಕೊಟ್ಟಿದ್ದು ಕ್ಯಾಟ್ಲಿನ್ ಮತ್ತು ಜಾನ್, ಇಬ್ಬರೂ. ತಾಯಿಯಿಲ್ಲದ ಮಗುವನ್ನು ಅವಳು ಅಷ್ಟು ದೂರ ಇಟ್ಟಿದ್ದು ಸರಿ ಅಂತ ನಾನು ಹೇಳುತ್ತಿಲ್ಲ. ಅದು ತಪ್ಪೇ. ಆದರೆ ಕಾರಣವಿಲ್ಲದ ಕೆಟ್ಟತನ ಅಲ್ಲ.

ಜೇಮಿಯನ್ನು ಬಿಟ್ಟಿದ್ದರಲ್ಲಂತೂ ಟಿವಿ ಅವಳಿಗೆ ದೊಡ್ಡ ಅನ್ಯಾಯ ಮಾಡಿದೆ. ಅಲ್ಲಿ ಅವಳು ಅವನನ್ನು ಕಳಿಸುವುದು ಬೇರೆಯವರು ಅವನನ್ನು ಕೊಂದುಬಿಡುತ್ತಾರೆ ಅನ್ನುವ ಅವಸರದಲ್ಲಿ. ಪುಸ್ತಕದಲ್ಲಿ ಅದಕ್ಕೂ ಮೊದಲೇ ಬ್ರಾನ್, ರಿಕನ್ ಇಬ್ಬರೂ ಸತ್ತರು ಅಂತ ಸುದ್ದಿ ಬಂದಿರುತ್ತದೆ. ಸುದ್ದಿ ಸುಳ್ಳು, ಆದರೆ ಅವಳಿಗೆ ಅದು ಗೊತ್ತಿಲ್ಲ. ಗಂಡ ಹೋದ, ಇಬ್ಬರು ಮಕ್ಕಳು ಹೋದರು, ಹೆಣ್ಣು ಮಕ್ಕಳಿಬ್ಬರೂ ಶತ್ರುವಿನ ಕೈಯಲ್ಲಿದ್ದಾರೆ ಅಂತ ನಂಬಿದವಳು ಅವಳು. ಅವರನ್ನು ಬಿಡಿಸೋಕೆ ಅವಳ ಹತ್ತಿರ ಇದ್ದಿದ್ದು ಒಬ್ಬನೇ ಕೈದಿ. ಇದಿಷ್ಟೂ ಗೊತ್ತಾದ ಮೇಲೆ ಆ ಅಧ್ಯಾಯ ಓದಿ, ಬೈಯೋಕೆ ಬಾಯಿ ಬರಲ್ಲ. ಟಿರಿಯನ್ ವಿಷಯದಲ್ಲಿ ಮಾತ್ರ ನಾನು ಅವಳ ಪರ ನಿಲ್ಲಲ್ಲ. ಬ್ರಾನ್‌ನನ್ನು ಕೊಲ್ಲೋಕೆ ಬಂದವನ ಚಾಕು ಟಿರಿಯನ್‌ದು ಅಂತ ಲಿಟಲ್‌ಫಿಂಗರ್ ಹೇಳಿದ, ಬಾಲ್ಯದ ಗೆಳೆಯ ಅಂತ ಅವನ ಮಾತನ್ನು ನಂಬಿಬಿಟ್ಟಳು, ಅದರಿಂದ ಎಷ್ಟೋ ಮನೆ ಹಾಳಾದವು.

ಅವಳ ಮಾತು ನಿಜವಾದ ಕಡೆಗಳನ್ನು ಯಾರೂ ಲೆಕ್ಕಕ್ಕೆ ತೆಗೆದುಕೊಳ್ಳಲ್ಲ, ಅದೇ ನನ್ನ ಬೇಸರ. ಒತ್ತೆಯಾಳಾಗಿ ಅವರ ಮನೆಯಲ್ಲೇ ಬೆಳೆದ ಥಿಯಾನ್‌ನನ್ನು ಅವನ ಅಪ್ಪನ ಹತ್ತಿರ ಕಳಿಸಬೇಡ ಅಂದಳು, ರಾಬ್ ಕಳಿಸಿದ, ಥಿಯಾನ್ ಹೋಗಿ ವಿಂಟರ್‌ಫೆಲ್ ಅನ್ನೇ ಹಿಡಿದ. ನೆಡ್ ಸತ್ತ ಮೇಲೆ, ಸೇಡು ಸಾಕು, ಸಂಧಿ ಮಾಡಿಕೊಳ್ಳೋಣ ಅಂತ ಗಂಡಸರು ತುಂಬಿದ ಸಭೆಯಲ್ಲಿ ಎದ್ದು ನಿಂತು ಹೇಳಿದವಳು ಅವಳೊಬ್ಬಳೇ. ಅದೇ ಸಭೆಯಲ್ಲಿ ಅವರು ಕತ್ತಿ ಎತ್ತಿ ಅವಳ ಮಗನನ್ನು ರಾಜ ಅಂತ ಕೂಗಿದರು. ಪುಸ್ತಕದ ಶುರುವಿನಲ್ಲಿ ರಾಬ್‌ಗೆ ಬರೀ 14 ವರ್ಷ. ಟಿವಿಯಲ್ಲಿ ದೊಡ್ಡ ಹುಡುಗನನ್ನು ನೋಡಿ ಇದು ನಮಗೆ ಮರೆತೇ ಹೋಗುತ್ತದೆ. ರಾಬ್ ಹೆಸರಿನಲ್ಲಿ ಒಂದೂ ಅಧ್ಯಾಯ ಇಲ್ಲ, ಅವನ ಯುದ್ಧವನ್ನೆಲ್ಲ ನಾವು ಅಮ್ಮನ ಕಣ್ಣಲ್ಲೇ ನೋಡುವುದು.

ಕೊನೆಗೆ ಫ್ರೇಗಳ ಮನೆಯ ಮದುವೆ, ಕರೆದವರೇ ರಾಬ್‌ನನ್ನೂ ಅವಳನ್ನೂ ಕೊಲ್ಲುವುದು ಅಲ್ಲೇ. ಉಂಡ ಮನೆಗೆ ಎರಡು ಬಗೆಯಬಾರದು ಅಂತಾರಲ್ಲ ನಮ್ಮಲ್ಲಿ, ಆ ನಾಡಿನಲ್ಲಿ ಉಣಿಸಿದವನೂ ಬಗೆಯುವ ಹಾಗಿಲ್ಲ. ಅವರ ಮನೆಯ ಬ್ರೆಡ್ಡು, ಉಪ್ಪು ತಿಂದರೆ ಅತಿಥಿಯನ್ನು ಮುಟ್ಟುವಂತಿಲ್ಲ. ಹೋದ ತಕ್ಷಣ ಎಲ್ಲರೂ ನೋಡುವ ಹಾಗೆ ತಿನ್ನು, ಕೊಡದಿದ್ದರೆ ಕೇಳಿ ಈಸಿಕೊಂಡು ತಿನ್ನು ಅಂತ ದಾರಿಯಲ್ಲೇ ಮಗನಿಗೆ ಹೇಳಿಕೊಟ್ಟಿರುತ್ತಾಳೆ. ಅವನು ತಿಂದಿರುತ್ತಾನೆ ಕೂಡ. ಊಟದ ಕೊನೆಯಲ್ಲಿ ವಾದ್ಯದವರು ಹಾಡು ಬದಲಾಯಿಸುತ್ತಾರೆ. ಬಾಗಿಲ ಕಡೆ ಹೊರಟ ಎಡ್ವಿನ್ ಫ್ರೇಯ ತೋಳನ್ನು ಅವಳು ಹಿಡಿಯುತ್ತಾಳೆ, ರೇಷ್ಮೆ ತೋಳಿನ ಕೆಳಗೆ ಕವಚದ ಕಬ್ಬಿಣದ ಉಂಗುರಗಳು ಕೈಗೆ ತಾಗುತ್ತವೆ. ಮದುವೆ ಮನೆಯಲ್ಲಿ ಕವಚ! ಕ್ಯಾಟ್ಲಿನ್‌ಳ ಕೈಯ ಬೆರಳುಗಳಲ್ಲಿ ಹಳೆಯ ಗಾಯದ ಗುರುತಿದೆ, ಬ್ರಾನ್‌ನನ್ನು ಕೊಲ್ಲೋಕೆ ಬಂದವನ ಚಾಕುವಿನ ಅಲಗನ್ನೇ ಬರಿಗೈಯಲ್ಲಿ ಹಿಡಿದು ಆದ ಗಾಯ. ಆ ಪುಟದಲ್ಲಿ ನಾನು ಪುಸ್ತಕ ಮುಚ್ಚಿ ಸ್ವಲ್ಪ ಹೊತ್ತು ಸುಮ್ನೆ ಕೂತಿದ್ದೆ.

ಮಿಶೆಲ್ ಫೇರ್ಲಿ ಟಿವಿಯಲ್ಲಿ ಈ ಪಾತ್ರವನ್ನು ತುಂಬಾ ಚೆನ್ನಾಗಿ ಮಾಡಿದ್ದಾರೆ, ಅದರಲ್ಲಿ ಎರಡು ಮಾತಿಲ್ಲ. ಆದರೆ ಅವಳು ಮನಸ್ಸಿನಲ್ಲಿ ಹಾಕುವ ಲೆಕ್ಕ, ಪಡುವ ನಾಚಿಕೆ ಕ್ಯಾಮೆರಾಕ್ಕೆ ಸಿಗುವಂಥದ್ದಲ್ಲ. ಸೀರಿಯಲ್ ನೋಡಿದ್ದೇನಲ್ಲ, ಪುಸ್ತಕ ಯಾಕೆ ಅನ್ನುವವರು ಇದಕ್ಕಾಗಿಯೇ ಕೊಳ್ಳಬಹುದು. ಅವಳ 25 ಅಧ್ಯಾಯಕ್ಕೆ ಡಬ್ಬಿಯ ಮೊದಲ ನಾಲ್ಕು ಪುಸ್ತಕ ಸಾಕು. ಹಾಸ್ಟೆಲ್‌ನಲ್ಲಿ ಎಲ್ಲರಿಗಿಂತ ಜಾಸ್ತಿ ಬೈಯುತ್ತಿದ್ದ ಗೆಳತಿಗೆ ಫೋನ್ ಮಾಡಿ ಇದನ್ನೆಲ್ಲ ಹೇಳಿದೆ. ಅವಳು ಒಪ್ಪಲಿಲ್ಲ. ಆದರೆ ಆ ಭಾನುವಾರವೇ ಮನೆಗೆ ಬಂದು ಮೊದಲ ಪುಸ್ತಕ ತೆಗೆದುಕೊಂಡು ಹೋದಳು.