ಬೋರ್ಡ್‌ಗೆ ಕರೆಂಟೇ ಇಲ್ಲ, ಪ್ರೋಗ್ರಾಂ ಮಾತ್ರ ಓಡ್ತಾ ಇತ್ತು: ಕ್ರಾಸ್ ಕಂಪೈಲ್ ಸೆಟಪ್‌ಗೆ ದುಡ್ಡು ಕೊಡೋ ಮೊದಲು ಓದಿ

ಇದನ್ನು ಬರೆಯೋಕೆ ನಾಚಿಕೆ ಆಗುತ್ತೆ. ಆದರೂ ಬರೀತಿದ್ದೇನೆ. ಮೊನ್ನೆ ನಮ್ಮ ವಾಟ್ಸಾಪ್ ಗುಂಪಿನಲ್ಲಿ ಸೋಮವಾರಪೇಟೆ ಕಡೆಯ ಹುಡುಗನೊಬ್ಬ ‘ಪೈ ಬೋರ್ಡ್‌ಗೆ ಕ್ರಾಸ್ ಕಂಪೈಲ್ ಸೆಟಪ್ ಯಾರಾದ್ರೂ ಮಾಡಿಕೊಡ್ತೀರಾ’ ಅಂತ ಕೇಳಿದ್ದ. ಅಂದ್ರೆ ಲ್ಯಾಪ್‌ಟಾಪ್‌ನಲ್ಲಿ ಕಂಪೈಲ್ ಮಾಡಿ (ಬರೆದ ಕೋಡನ್ನು ಓಡೋ ಪ್ರೋಗ್ರಾಂ ಆಗಿ ಬದಲಿಸಿ), ಪೈ ಅನ್ನೋ ಪುಟ್ಟ ಕಂಪ್ಯೂಟರ್ ಬೋರ್ಡ್‌ನಲ್ಲಿ ಓಡಿಸೋ ವ್ಯವಸ್ಥೆ. ಎರಡೇ ನಿಮಿಷಕ್ಕೆ, ನನಗೆ ಟೋಪಿ ಹಾಕಿದ ಅದೇ ಮನುಷ್ಯ ‘ಪರ್ಸನಲ್‌ಗೆ ಬನ್ನಿ ಸರ್’ ಅಂತ ಹಾಕಿದ. ನನಗೂ ಅವನು ಹಾಕಿದ್ದು ಇದೇ ಮಾತು. ಆಗ ‘ಅವರು’ ಅಂತಿದ್ದೆ, ಈಗ ಬಾಯಲ್ಲಿ ಬರಲ್ಲ.

ನಮ್ಮದು ಗೋಣಿಕೊಪ್ಪದ ಹತ್ತಿರ ಸಣ್ಣ ರೊಬಸ್ಟಾ ಕಾಫಿ ತೋಟ. ಕೆರೆ ಪಕ್ಕದ ಪಂಪ್‌ಹೌಸ್‌ನಲ್ಲಿ ಒಂದು ರಾಸ್ಪ್‌ಬೆರಿ ಪೈ ಝೀರೋ ಡಬ್ಲ್ಯೂ ಇಟ್ಟಿದ್ದೇನೆ. ತ್ರೀ ಫೇಸ್ ಬಂದಾಗ ಸ್ಪ್ರಿಂಕ್ಲರ್ ಮೋಟರ್ ಆನ್ ಮಾಡಬೇಕು, ಕೆರೆ ನೀರು ಇಳಿದರೆ ಆಫ್ ಮಾಡಬೇಕು, ಅಷ್ಟೇ ಕೆಲಸ. ಪ್ರೋಗ್ರಾಂ ನಾನೇ ಬರೆದದ್ದು. ಆದರೆ ರಾತ್ರಿ ಹೊತ್ತು ಎಲ್ಲೋ ಸಿಕ್ಕಿಹಾಕಿಕೊಂಡು ನಿಂತುಬಿಡ್ತಿತ್ತು. ಎಲ್ಲಿ ಅಂತ ನೋಡೋಕೆ ಡಿಬಗ್ಗರ್ ಬೇಕು, ಅಂದ್ರೆ ಓಡ್ತಿರೋ ಪ್ರೋಗ್ರಾಂ ನಿಲ್ಲಿಸಿ ಒಳಗೆ ನೋಡೋ ಸಾಧನ. ಬೋರ್ಡ್ ಮೇಲೇ ಕಂಪೈಲ್ ಮಾಡೋಣ ಅಂದ್ರೆ ಅದಕ್ಕಿರೋದು ಒಂದೇ ಕೋರ್, 512 ಎಂಬಿ ರ‍್ಯಾಮ್. ಒಂದು ಸಾಲು ಬದಲಿಸಿದರೆ 11 ನಿಮಿಷ ಕಾಯಬೇಕು. ಅದೂ ಹೂವಿಗೆ ನೀರು ಕೊಡೋ ಸಮಯ. ತೋಟ ಇದ್ದವರಿಗೆ ಗೊತ್ತು ಆ ಆತುರ ಏನು ಅಂತ.

ನನಗೆ ಬೇಕಾಗಿದ್ದು ಇಷ್ಟೇ. ಲ್ಯಾಪ್‌ಟಾಪ್‌ನಲ್ಲಿ ಕಂಪೈಲ್ ಆಗಬೇಕು, ಬೋರ್ಡ್‌ನಲ್ಲಿ ಓಡಬೇಕು, ಮನೆಯಲ್ಲಿ ಕೂತು ಬ್ರೇಕ್‌ಪಾಯಿಂಟ್ (ಪ್ರೋಗ್ರಾಂ ಎಲ್ಲಿ ನಿಲ್ಲಬೇಕು ಅನ್ನೋ ಗುರುತು) ಹಾಕಿ ನೋಡಬೇಕು. ಬೋರ್ಡ್‌ನಲ್ಲಿ ಜಿಡಿಬಿ ಸರ್ವರ್, ಲ್ಯಾಪ್‌ಟಾಪ್‌ನಲ್ಲಿ ಜಿಡಿಬಿ ಅನ್ನೋ ಡಿಬಗ್ಗರ್. ನಾನು ಎರಡು ಭಾನುವಾರ ಒದ್ದಾಡಿ ಬಿಟ್ಟಿದ್ದೆ. ಅವನು ಫೋನಿನಲ್ಲಿ ‘ಎರಡು ದಿನದ ಕೆಲಸ ಸರ್, ನೀವು ಎಫ್5 ಕೀ ಒತ್ತಿ, ಪ್ರೋಗ್ರಾಂ ಬೋರ್ಡ್‌ನಲ್ಲೇ ಓಡಿ ಬ್ರೇಕ್‌ಪಾಯಿಂಟ್‌ನಲ್ಲಿ ನಿಲ್ಲುತ್ತೆ’ ಅಂದ. 9,500 ಹೇಳಿದ. 5,000 ಮುಂಗಡ ಕಳಿಸಿದೆ. ಮರುದಿನ ‘ಟೂಲ್‌ಚೈನ್ ಲೈಸೆನ್ಸ್ ತಗೋಬೇಕು’ (ಟೂಲ್‌ಚೈನ್ ಅಂದ್ರೆ ಕಂಪೈಲರ್ ಮತ್ತು ಅದರ ಜೊತೆಯ ಸಲಕರಣೆಗಳು) ಅಂತ ಇನ್ನೊಂದು 2,500 ಕೇಳಿದ. ಅದನ್ನೂ ಕಳಿಸಿದೆ!

ಜಿಸಿಸಿಗೆ ಲೈಸೆನ್ಸ್ ದುಡ್ಡು! 1987ರಿಂದ ಇಡೀ ಪ್ರಪಂಚ ಪುಕ್ಕಟೆ ಬಳಸ್ತಾ ಇರೋ ಕಂಪೈಲರ್ ಅದು. ನನಗೆ ಇದು ಗೊತ್ತಿತ್ತು. ಗೊತ್ತಿದ್ದೂ ಕೊಟ್ಟೆ. ಬೇರೆ ಏನೋ ದೊಡ್ಡದು ಇರಬೇಕು ಅಂದುಕೊಂಡೆ.

ಎನಿಡೆಸ್ಕ್‌ನಲ್ಲಿ (ದೂರದಿಂದಲೇ ನಮ್ಮ ಕಂಪ್ಯೂಟರ್ ನಡೆಸೋ ಆಪ್) ಬಂದ, ಒಂದು ಸಂಜೆ ಪೂರ್ತಿ ಏನೇನೋ ಇನ್‌ಸ್ಟಾಲ್ ಮಾಡಿದ. ಕೊನೆಗೆ ನನ್ನ ಕೈಯಲ್ಲೇ ಎಫ್5 ಒತ್ತಿಸಿದ. ಪ್ರೋಗ್ರಾಂ ಶುರುವಾಯ್ತು, ಬ್ರೇಕ್‌ಪಾಯಿಂಟ್‌ನಲ್ಲಿ ನಿಂತಿತು, ಪಕ್ಕದಲ್ಲಿ ನೀರಿನ ಮಟ್ಟ 62 ಅಂತ ಬಂತು. ನನಗೆ ಖುಷಿಯೋ ಖುಷಿ. ಉಳಿದ 4,500 ಆಗಲೇ ಗೂಗಲ್ ಪೇ ಮಾಡಿದೆ. ‘ನೀವು ಬಹಳ ದೊಡ್ಡ ಉಪಕಾರ ಮಾಡಿದ್ರಿ’ ಅಂತ ಮೆಸೇಜ್ ಬೇರೆ ಹಾಕಿದೆ. ಅದು ಇನ್ನೂ ಚಾಟ್‌ನಲ್ಲಿದೆ, ನೋಡಿದಾಗೆಲ್ಲ ಮೈ ಉರಿಯುತ್ತೆ.

ಮೂರು ದಿನ ಅದನ್ನೇ ಇಟ್ಟುಕೊಂಡು ತೊಂದರೆ ಎಲ್ಲಿದೆ ಅಂತ ಹುಡುಕಿದೆ. ಸಿಗಲೇ ಇಲ್ಲ. ನೀರಿನ ಮಟ್ಟ ಯಾವಾಗ ನೋಡಿದರೂ 62. ಮೋಟರ್ ಓಡಿಲ್ಲ, ನೀರು ಅಷ್ಟೇ ಇರುತ್ತೆ ಅಂತ ನನಗೆ ನಾನೇ ಸಮಾಧಾನ ಹೇಳಿಕೊಂಡೆ.

ನಾಲ್ಕನೇ ದಿನ ಸಂಜೆ ಕರೆಂಟ್ ಹೋಯ್ತು. ನಮ್ಮಲ್ಲಿ ಅದೇನು ಹೊಸದಲ್ಲ. ನಾನು ಬ್ಯಾಟರಿಯಲ್ಲಿ ಹಾಗೇ ಕೆಲಸ ಮುಂದುವರಿಸಿದ್ದೆ. ಎಫ್5 ಒತ್ತಿದೆ, ನಿಂತಿತು, 62. ಅಮ್ಮ ದೀಪ ತಂದಿಟ್ಟು ಪರದೆ ನೋಡಿದರು. ‘ಕರೆಂಟಿಲ್ಲ ಅಲ್ವಾ, ಪಂಪ್‌ಹೌಸಿಂದು ಅದು ಹ್ಯಾಗೆ ಬರ್ತಾ ಇದೆ?’ ಅಂದರು.

ನಾನು ಸುಮ್ನೆ ಕೂತೆ. ಪಂಪ್‌ಹೌಸ್‌ನಲ್ಲಿ ಇನ್ವರ್ಟರ್ ಇಲ್ಲ, ಬೋರ್ಡ್ ಸತ್ತಿದೆ. ಮನೆಯ ರೌಟರ್ ಕೂಡ ಆಫ್. ಆದರೂ ನನ್ನ ‘ರಿಮೋಟ್ ಡಿಬಗ್ಗಿಂಗ್’ ಚೆನ್ನಾಗಿ ನಡೀತಾ ಇದೆ. ಮತ್ತೆ ಒತ್ತಿದೆ. 62. ಮತ್ತೆ ಒತ್ತಿದೆ. 62. ಕಂಪ್ಯೂಟರ್ ಮುಟ್ಟದ ಅಮ್ಮನಿಗೆ ಹೊಳೆದದ್ದು ನನಗೆ ಮೂರು ದಿನ ಹೊಳೆದಿರಲಿಲ್ಲ.

ಟರ್ಮಿನಲ್‌ನಲ್ಲಿ ‘ಫೈಲ್’ ಕಮಾಂಡ್ ಕೊಟ್ಟು ಆ ಪ್ರೋಗ್ರಾಂ ಯಾವುದಕ್ಕೆ ಕಂಪೈಲ್ ಆಗಿದೆ ನೋಡಿದೆ. ಬೋರ್ಡಿನ ಪ್ರೊಸೆಸರ್ ಬಗೆ ಆರ್ಮ್ ಅಂತ ಇರಬೇಕಿತ್ತು, ಲ್ಯಾಪ್‌ಟಾಪಿನ ಬಗೆ ಎಕ್ಸ್86-64 ಅಂತ ಇದೆ. ಲ್ಯಾಪ್‌ಟಾಪ್‌ನದ್ದೇ ಜಿಸಿಸಿ, ಲ್ಯಾಪ್‌ಟಾಪ್‌ನಲ್ಲೇ ಓಡ್ತಾ ಇತ್ತು. ಡಿಬಗ್ ಸೆಟ್ಟಿಂಗ್ ಫೈಲ್ ತೆಗೆದರೆ ಬೋರ್ಡಿನ ಐಪಿ ವಿಳಾಸ, ಪೋರ್ಟ್ ನಂಬರ್ ಇರಬೇಕಾದ ಸಾಲೇ ಇಲ್ಲ. ತಪ್ಪಿ ಹೋಗಿರಬಹುದು ಅಂತೀರಾ? ಸೆನ್ಸರ್ ಓದೋ ನನ್ನ ಫಂಕ್ಷನ್ ಅಳಿಸಿ ಅಲ್ಲಿ ‘ರಿಟರ್ನ್ 62’ ಅಂತ ಬರೆದಿದ್ದ. ಕೈಯಾರೆ ಬರೆದಿದ್ದ. ಅದು ತಪ್ಪಿ ಆಗೋ ಕೆಲಸವಾ?

ಫೋನ್ ಮಾಡಿದೆ. ‘ಸರ್, ಅದು ಸಿಮ್ಯುಲೇಶನ್ ಮೋಡ್, ಎಲ್ಲರೂ ಮೊದಲು ಹಾಗೇ ಮಾಡೋದು.’ ಮತ್ತೆ ಬೋರ್ಡ್‌ಗೆ ಯಾಕೆ ಹಾಕಲಿಲ್ಲ? ‘ನಿಮ್ಮ ಕೊಡಗಿನಲ್ಲಿ ನೆಟ್‌ವರ್ಕ್ ಸರಿ ಇಲ್ಲ ಸರ್, ಬೋರ್ಡ್ ಸಿಗಲಿಲ್ಲ.’ ಬೋರ್ಡ್, ಲ್ಯಾಪ್‌ಟಾಪ್ ಎರಡೂ ಒಂದೇ ರೌಟರ್‌ನಲ್ಲಿವೆ, ಇಂಟರ್ನೆಟ್ ಇಲ್ಲದಿದ್ದರೂ ಒಂದಕ್ಕೊಂದು ಸಿಗುತ್ತವೆ! ಇದನ್ನು ಹೇಳಿದ್ದಕ್ಕೆ ‘ನೀವು ಎಲ್ಲಾ ಗೊತ್ತಿದ್ದವರು, ನೀವೇ ಮಾಡ್ಕೋಬಹುದಿತ್ತಲ್ಲ’ ಅಂದ.

ಜಗಳ ಮಾಡಿದ ಮೇಲೆ ಇನ್ನೊಮ್ಮೆ ಬಂದು ಉಬುಂಟು ಅನ್ನೋ ಲಿನಕ್ಸ್ ಓಎಸ್‌ನ ಆರ್ಮ್ ಕಂಪೈಲರ್ ಹಾಕಿದ. ಈ ಸಲ ಪ್ರೋಗ್ರಾಂ ನಿಜಕ್ಕೂ ಬೋರ್ಡ್‌ಗೆ ಹೋಯ್ತು, ಹೋದ ಕೂಡಲೇ ‘ಇಲ್ಲೀಗಲ್ ಇನ್‌ಸ್ಟ್ರಕ್ಷನ್’ (ಈ ಪ್ರೊಸೆಸರ್‌ಗೆ ಗೊತ್ತಿಲ್ಲದ ಆದೇಶ) ಅಂತ ಎರರ್ ಕೊಟ್ಟು ಬಿದ್ದುಹೋಯ್ತು. ಬರೀ ಹಲೋ ವರ್ಲ್ಡ್ ಅನ್ನೋ ಪುಟ್ಟ ಪ್ರೋಗ್ರಾಂ ಕೂಡ ಓಡಲಿಲ್ಲ. ಅದಕ್ಕೆ ಅವನ ಉತ್ತರ ಕೇಳಿ: ‘ಬೋರ್ಡ್ ಡೂಪ್ಲಿಕೇಟ್ ಸರ್, ಒರಿಜಿನಲ್ ನನ್ನ ಹತ್ರ ಇದೆ, 3,200.’ ನಾನು ಆಗಲೂ ಒಂದು ಕ್ಷಣ ಹೂಂ ಅನ್ನೋದರಲ್ಲಿದ್ದೆ. ಆಮೇಲೆ ಯೋಚನೆ ಬಂತು, ಬೋರ್ಡ್ ಕೆಟ್ಟಿದ್ದರೆ ಅದರ ಓಎಸ್ ಹ್ಯಾಗೆ ಬೂಟ್ ಆಗ್ತಾ ಇದೆ?

ಬೋರ್ಡ್ ಸರಿಯಾಗೇ ಇತ್ತು. ಪೈ ಝೀರೋದಲ್ಲಿರೋದು ಹಳೇ ಆರ್ಮ್‌ವಿ6 ಪ್ರೊಸೆಸರ್. ಉಬುಂಟುವಿನ ಆ ಕಂಪೈಲರ್ ಅದಕ್ಕಿಂತ ಹೊಸದಾದ ಆರ್ಮ್‌ವಿ7ಗೆ ಕೋಡ್ ಮಾಡುತ್ತೆ. ಆರ್ಮ್‌ವಿ6 ಅಂತ ಫ್ಲ್ಯಾಗ್ ಕೊಟ್ಟರೂ ಸಾಲಲ್ಲ, ಅದರ ಜೊತೆ ಬರೋ ಸಿ ಲೈಬ್ರರಿಯೇ (ಪ್ರೋಗ್ರಾಂಗೆ ಬೇಕಾಗೋ ಸಿದ್ಧ ಕೋಡ್) ಆರ್ಮ್‌ವಿ7ಗೆ ಆಗಿರುತ್ತೆ. ಈ ಕೆಲಸಕ್ಕೆ ದುಡ್ಡು ತಗೊಳ್ಳೋನಿಗೆ ಇದು ಗೊತ್ತಿರಬೇಕು. ಗೊತ್ತಿದ್ದೂ ಬೋರ್ಡ್ ಮಾರೋಕೆ ನೋಡಿದನೋ, ಗೊತ್ತೇ ಇರಲಿಲ್ಲವೋ, ಎರಡೂ ಒಂದೇ.

ಕೊನೆಗೆ ನಾನೇ ಮಾಡಿದೆ. ಟೂಲ್‌ಚೈನ್ ಕಟ್ಟೋ ಕ್ರಾಸ್‌ಟೂಲ್-ಎನ್‌ಜಿ ಅನ್ನೋ ಸಾಧನ ಬಳಸಿ ಆರ್ಮ್‌ವಿ6ಗೆ ಟೂಲ್‌ಚೈನ್ ಕಟ್ಟಿದೆ, ಜಿಲಿಬ್‌ಸಿ ಅನ್ನೋ ಸಿ ಲೈಬ್ರರಿ ಮಾತ್ರ ಬೋರ್ಡ್‌ನಲ್ಲಿರೋದಕ್ಕಿಂತ ಹೊಸದಾಗದ ಹಾಗೆ ನೋಡಿಕೊಂಡೆ. ಬೋರ್ಡಿನ ಲೈಬ್ರರಿಗಳನ್ನು ಲ್ಯಾಪ್‌ಟಾಪ್‌ಗೆ ನಕಲು ಮಾಡಿ ಅದನ್ನೇ ಸಿಸ್‌ರೂಟ್ (ಕಂಪೈಲರ್ ಲೈಬ್ರರಿ ಹುಡುಕೋ ಜಾಗ) ಅಂತ ತೋರಿಸಿದೆ. ಬೋರ್ಡ್‌ನಲ್ಲಿ ಜಿಡಿಬಿ ಸರ್ವರ್ 2345 ಪೋರ್ಟ್‌ನಲ್ಲಿ, ಇಲ್ಲಿ ಬೇರೆ ಬಗೆಯ ಪ್ರೊಸೆಸರ್‌ಗಳಿಗೂ ಆಗೋ ಜಿಡಿಬಿ-ಮಲ್ಟಿಆರ್ಕ್. ಒಂದು ವಾರ ನಿದ್ದೆಗೆಟ್ಟೆ, ಆದರೆ ಒಂದು ರೂಪಾಯಿ ಖರ್ಚಾಗಲಿಲ್ಲ. ಮೊದಲ ಸಲ ನಿಜವಾದ ನೀರಿನ ಮಟ್ಟ ಬಂತು, 38. ಪ್ರೋಗ್ರಾಂ ನಿಲ್ತಾ ಇದ್ದದ್ದು ಸೆನ್ಸರ್ ಉತ್ತರಕ್ಕೆ ಕಾಯೋ ಲೂಪ್‌ನಲ್ಲಿ, ಟೈಮ್‌ಔಟ್ ಹಾಕಿರಲಿಲ್ಲ. ಹತ್ತು ನಿಮಿಷದ ಕೆಲಸಕ್ಕೆ 12,000 ಕಳಕೊಂಡೆ.

ಹಾಗಾಗಿ ಯಾರಿಗಾದರೂ ಈ ಕೆಲಸ ಕೊಡೋದಾದರೆ, ಪೂರ್ತಿ ದುಡ್ಡು ಕೊಡೋ ಮೊದಲು ಬೋರ್ಡಿನ ವೈರ್ ಕಿತ್ತು ಎಫ್5 ಒತ್ತಿ. ಎರರ್ ಬರಬೇಕು. ಬರಲಿಲ್ಲ ಅಂದ್ರೆ ಅಲ್ಲೇ ಹಿಡೀರಿ. ಕಂಪೈಲರ್‌ಗೆ ಲೈಸೆನ್ಸ್ ಅಂದ್ರೆ ಫೋನ್ ಇಡಿ. ಮುಗಿದ ಮೇಲೆ ಪಾಸ್‌ವರ್ಡ್ ಬದಲಿಸಿ, ಬೋರ್ಡ್‌ನಲ್ಲಿ ಎಸ್‌ಎಸ್‌ಎಚ್ ಕೀ ಫೈಲ್ ನೋಡಿ, ಅದರಲ್ಲಿ ಕೀ ಇರೋರು ಪಾಸ್‌ವರ್ಡ್ ಇಲ್ಲದೆ ಬೋರ್ಡ್ ಒಳಗೆ ಬರಬಹುದು. ನನ್ನ ಬೋರ್ಡ್‌ನಲ್ಲಿ ಅವನ ಕೀ ಹಾಗೇ ಇತ್ತು. ಮೋಟರ್ ಆನ್ ಆಫ್ ಮಾಡೋ ಬೋರ್ಡ್ ಅದು!

ಲೈಸೆನ್ಸ್ ಅಂತ ತಗೊಂಡ 2,500 ಆದರೂ ವಾಪಸ್ ಕೊಡು ಅಂದೆ. ‘ಮುಂದಿನ ವಾರ ಸರ್’ ಅಂದ. ಐದು ವಾರ ಆಯ್ತು. ನನ್ನ ಸ್ಟೇಟಸ್ ಮಾತ್ರ ದಿನಾ ನೋಡ್ತಾನೆ.

ಪೈ ಝೀರೋ ಇಟ್ಟುಕೊಂಡು ಒದ್ದಾಡ್ತಾ ಇರೋರು ಯಾರಾದರೂ ಇದ್ದರೆ ಹೇಳಿ. ಕಟ್ಟಿದ ಟೂಲ್‌ಚೈನ್ ನನ್ನ ಹತ್ರ ಇದೆ. ಗೋಣಿಕೊಪ್ಪ ಸಂತೆಗೆ ಬಂದಾಗ ಪೆನ್‌ಡ್ರೈವ್ ತನ್ನಿ, ಹಾಕಿಕೊಡ್ತೀನಿ. ಸೋಮವಾರಪೇಟೆಯ ಆ ಹುಡುಗನಿಗೂ ಇದನ್ನೇ ಹೇಳಿದ್ದೇನೆ. ಅವನು ಆಗಲೇ 3,000 ಕಳಿಸಿದ್ದನಂತೆ.