ಅಡಾಪ್ಟಿಲ್ ಕಾಮ್ ಡಿಫ್ಯೂಸರ್: ಅಂಜುವ ನಾಯಿಗೆ ಎಷ್ಟು ಆಸರೆ?

ನೋಡಲು ಸೊಳ್ಳೆ ಓಡಿಸುವ ಲಿಕ್ವಿಡ್ ಮಷೀನಿನ ಹಾಗೇ ಇದೆ: ಪ್ಲಗ್ಗಿಗೆ ಸಿಕ್ಕಿಸುವ ಹೀಟರ್, ಅದಕ್ಕೆ ತಿರುಗಿಸಿ ಕೂರಿಸುವ 48 ಮಿ.ಲೀ. ಸೀಸೆ. ಒಳಗಿರುವುದು ಮಾತ್ರ ಬೇರೆ. ಮರಿ ಹಾಕಿದ ಕೆಲವೇ ದಿನಗಳಲ್ಲಿ ತಾಯಿನಾಯಿಯ ಮೊಲೆಗಳ ನಡುವಿನ ಚರ್ಮದಿಂದ ಒಂದು ಫೆರೊಮೋನ್, ಅಂದರೆ ಅದೇ ಜಾತಿಯ ಪ್ರಾಣಿಗಳಿಗೆ ಸಂದೇಶ ಮುಟ್ಟಿಸುವ ರಾಸಾಯನಿಕ, ಹೊಮ್ಮುತ್ತದೆ. ಮರಿಗಳಿಗೆ ಅದೇ ಧೈರ್ಯ. ಅದರ ಕೃತಕ ರೂಪ ಇದು. ನಮ್ಮ ಮೂಗಿಗೆ ಏನೂ ತಿಳಿಯುವುದಿಲ್ಲ. ಬೆಕ್ಕಿಗೆ ಇದು ಆಗದು, ಅದಕ್ಕೆ ಬೆಕ್ಕಿನ ಫೆರೊಮೋನಿನ ಕೃತಕ ರೂಪವಿರುವ ಫೆಲಿವೇ ಎಂಬ ಬೇರೆಯದೇ ಉತ್ಪನ್ನ ಇದೆ.

ಒಂದು ಸೀಸೆ ಸುಮಾರು 30 ದಿನ ಬರುತ್ತದೆ, 50ರಿಂದ 70 ಚದರ ಮೀಟರಿಗೆ ಸಾಕು. ಹೀಟರನ್ನು ಆರು ತಿಂಗಳಿಗೊಮ್ಮೆ ಬದಲಿಸಬೇಕು.

ಕೆಲಸ ಕೆಡುವುದು ಹೆಚ್ಚಾಗಿ ಸಿಕ್ಕಿಸಿದ ಜಾಗದಿಂದ. ಸೋಫಾದ ಹಿಂದೆ, ಮೇಜಿನ ಕೆಳಗೆ, ಪರದೆಯ ಮರೆಯಲ್ಲಿ ಹಾಕಿದರೆ ಮೇಲೇರುವ ಆವಿ ಅಲ್ಲೇ ತಡೆದು ನಿಲ್ಲುತ್ತದೆ, ಕೋಣೆಗೆ ಹರಡುವುದಿಲ್ಲ. ನೆಲದ ಮೇಲೆ ಮಲಗಿಸಿದ ಎಕ್ಸ್‌ಟೆನ್ಷನ್ ಬಾಕ್ಸಿಗೆ ಹಾಕಬೇಡಿ. ಸೀಸೆ ನೆಟ್ಟಗೆ ನಿಲ್ಲಲೇಬೇಕು. ತೆರೆದ ಕಿಟಕಿ, ಏಸಿಯ ಗಾಳಿ ಬಡಿಯುವ ಕಡೆಯೂ ಬೇಡ. ನಾಯಿ ಹೆಚ್ಚು ಹೊತ್ತು ಮಲಗುವ ಕೋಣೆಯ ಗೋಡೆಯ ಸಾಕೆಟ್ಟೇ ಸರಿ. ರಾತ್ರಿ ಆರಿಸಿ ಬೆಳಿಗ್ಗೆ ಹಾಕುವ ಉಳಿತಾಯ ಇಲ್ಲಿ ನಷ್ಟವೇ. ಕೋಣೆ ತುಂಬಲು 24 ಗಂಟೆ ಬೇಕಾಗಬಹುದು, ಹಾಗಾಗಿ ಪಟಾಕಿ ಶುರುವಾದ ಮೇಲೆ ಹಾಕಿ ಫಲವಿಲ್ಲ. ಒಂದು ವಾರ ಮೊದಲೇ ಹಾಕಿಡಿ.

ಫಲ? ಸಂಶೋಧನೆಗಳ ಫಲಿತಾಂಶ ಒಂದೇ ತೆರನಾಗಿಲ್ಲ. ಹೊಸ ಮನೆಗೆ ಬಂದ ಮರಿ, ಸಣ್ಣ ಸದ್ದಿಗೆ ಕಿವಿ ನಿಮಿರಿಸುವ ನಾಯಿ, ಇಂಥವಕ್ಕೆ ಆಸರೆಯಾಗಿ ಇಟ್ಟು ನೋಡಬಹುದು. ಒಂಟಿಯಾದೊಡನೆ ಬಾಗಿಲು ಕಚ್ಚಿ ಬಾಯಲ್ಲಿ ರಕ್ತ ಬರಿಸಿಕೊಳ್ಳುವ ನಾಯಿಗೆ ಇದೊಂದೇ ಸಾಲದು. ಪಶುವೈದ್ಯರನ್ನು ಕಾಣುವುದನ್ನು ಮುಂದೂಡಬೇಡಿ.

ಇನ್ನು ಡಬ್ಬಿಯ ಮೇಲಿನ 'ಕಾಮ್' (calm). ಕನ್ನಡದಲ್ಲಿ ಸುಮ್ಮನಿರುವುದು ಬೇರೆ, ನೆಮ್ಮದಿಯಾಗಿರುವುದು ಬೇರೆ. ಈ ಇಂಗ್ಲಿಷ್ ಪದದಲ್ಲಿ ಎರಡೂ ಕಲಸಿಹೋಗುತ್ತವೆ. ಮೂಲೆಯಲ್ಲಿ ಬಾಲ ಮುದುರಿ, ತುಟಿ ನೆಕ್ಕುತ್ತಾ, ಕಣ್ಣಿನ ಬಿಳಿ ಕಾಣುವಂತೆ ಓರೆನೋಟ ಬೀರುವ ನಾಯಿ ಸುಮ್ಮನಿದೆ, ಅಷ್ಟೆ. ಒಂದು ಸೊಂಟದ ಮೇಲೆ ವಾಲಿ ಮಲಗಿದೆಯೇ, ಉಸಿರು ನಿಧಾನವಾಗಿದೆಯೇ, ಕೊಟ್ಟ ತಿಂಡಿ ತಿನ್ನುತ್ತದೆಯೇ? ಡಿಫ್ಯೂಸರ್ ನಾಟಿತೋ ಇಲ್ಲವೋ ಎಂಬುದನ್ನು ಇವುಗಳಿಂದ ಅಳೆಯಿರಿ.

ಅದೇ ಪದವನ್ನು ಆಜ್ಞೆಯಾಗಿ ಬಳಸುವವರೂ ಇದ್ದಾರೆ. ನಾಯಿಗೆ 'ಕಮ್' ಕಲಿಸಿದ್ದರೆ 'ಕಾಮ್' ಬೇಡವೇ ಬೇಡ. ಎರಡರ ನಡುವೆ ಇರುವುದು ಒಂದು ದೀರ್ಘ ಮಾತ್ರ. ಮಲಗಿದ್ದ ನಾಯಿ ಎದ್ದು ನಿಮ್ಮ ಬಳಿ ಬಂದರೆ ತಪ್ಪು ಅದರದಲ್ಲ. 'ಹಾಯಾಗಿ' ಎನ್ನಿ, ದನಿ ತಗ್ಗಿಸಿ, ಎಳೆದು. ಡಿಫ್ಯೂಸರ್ ಇರುವ ಕೋಣೆಯಲ್ಲಿ ಚಾಪೆ ಹಾಸಿ, ನಾಯಿ ತಾನಾಗಿ ಮೈ ಸಡಿಲಿಸಿದ ಮೇಲೆ ಪದ ಹೇಳಿ, ಮುಂಗಾಲುಗಳ ನಡುವೆ ಒಂದು ಚೂರು ತಿಂಡಿ ಇಡಿ. ಎಸೆದರೆ ಎದ್ದುಬಿಡುತ್ತದೆ. ದಿನಕ್ಕೆರಡು ಸಲ, ಐದೈದು ನಿಮಿಷ. ಇದು ಗಟ್ಟಿಯಾಗುವವರೆಗೆ ಗುಡುಗು ಸಿಡಿಲಿನ ಹೊತ್ತಿನಲ್ಲಿ ಆ ಪದ ಆಡಬೇಡಿ: ಪದ ಕೇಳಿದೊಡನೆ ಗುಡುಗು ಬರುತ್ತದೆಂದು ನಾಯಿ ಕಲಿತುಬಿಡುತ್ತದೆ.