ಸಾಂಟಾ ಕ್ರೂಜ್, ಯೆಟಿ, ಸ್ಪೆಷಲೈಸ್ಡ್, ಸ್ಕಾಟ್: ಎರಡು ಮಳೆಗಾಲ ಕಳೆದ ಮೇಲೆ

ಹೊಸದರಲ್ಲಿ ಈ ನಾಲ್ಕೂ ಕಂಪನಿಗಳ ಮೌಂಟನ್ ಬೈಕ್‌ಗಳು, ಅಂದರೆ ಗುಡ್ಡಗಾಡಿನ ಸೈಕಲ್ಲುಗಳು, ಸೊಗಸಾಗಿ ಓಡುತ್ತವೆ. ಯಾವುದು ಯಾರಿಗೆ ಎನ್ನುವುದು ಗೊತ್ತಾಗುವುದು ಎರಡು ಮಳೆಗಾಲ ಕಳೆದು, ಪೆಡಲ್ ತುಳಿದಾಗೆಲ್ಲ ಕಿರ್ರ್ ಎಂದು ಸದ್ದು ಬರತೊಡಗಿದಾಗ. ಹಾಗಾಗಿ ತೂಕ, ಬಣ್ಣದ ಮಾತು ಬಿಟ್ಟು ಪಿವಟ್‌ಗಳನ್ನೇ, ಅಂದರೆ ಹಿಂದಿನ ಸಸ್ಪೆನ್ಷನ್ ಆಡುವ ಕೀಲುಗಳನ್ನೇ ನೋಡೋಣ.

ಬೆಳಗ್ಗೆ ಹೊರಟು ಸಂಜೆ ಮರಳುವ, ಒಂದೇ ಸೈಕಲ್ಲನ್ನು ಐದಾರು ವರ್ಷ ಇಟ್ಟುಕೊಳ್ಳುವ ಸವಾರರ ಕೈಯಲ್ಲಿ ಸಾಂಟಾ ಕ್ರೂಜ್ ಹೈಟವರ್ ಹೆಚ್ಚು ಕಾಣುತ್ತದೆ. 2022ರ ಮಾದರಿಗೆ ಹಿಂದೆ 145, ಮುಂದೆ 150 ಮಿ.ಮೀ. ಸಸ್ಪೆನ್ಷನ್ ಆಟ. ಫ್ರೇಮಿಗೂ ಹಿಂಭಾಗಕ್ಕೂ ಕೊಂಡಿಯಾದ ಕೆಳಗಿನ ಲಿಂಕ್ ಇರುವುದು ಟೈರು ಕೆಸರು ಎರಚುವ ಜಾಗದಲ್ಲೇ. ಅಲ್ಲಿ ಗ್ರೀಸ್ ತುಂಬುವ ಪುಟ್ಟ ಮೂತಿ, ಗ್ರೀಸ್ ನಿಪ್ಪಲ್ ಇದೆ. ಹಳೆಯ ಕಪ್ಪು ಗ್ರೀಸ್ ಹೊರಬಂದು ಹೊಸದು ಇಣುಕುವವರೆಗೆ ಗ್ರೀಸ್ ಗನ್ ಒತ್ತಬೇಕು. ಮೊದಲ ಮಾಲೀಕರಿಗೆ ಫ್ರೇಮಿಗೆ ಆಜೀವ ವಾರಂಟಿ, ಪಿವಟ್ ಬೇರಿಂಗ್ ಉಚಿತ. ಬೇರೆಲ್ಲ ಗುಣಗಳಿಗಿಂತ ಇದೇ ದೊಡ್ಡದು. ಆದರೆ ಶಾಕ್ (ಹಿಂದಿನ ಕುಲುಕು ತಡೆಯುವ ಭಾಗ) ಕೆಳಗೆ ಗೂಡಿನಂಥ ಜಾಗದಲ್ಲಿ ಕೂತಿರುವುದರಿಂದ ಕೆಸರು ಗಟ್ಟಿಯಾಗಿ ಮೆತ್ತಿಕೊಳ್ಳುತ್ತದೆ. ಸಕಲೇಶಪುರ, ಕೊಡಗಿನ ಕೆಮ್ಮಣ್ಣಿನಲ್ಲಿ ಓಡಿಸುವವರು ಅದು ಒಣಗುವ ಮೊದಲೇ ಬಕೆಟ್ ನೀರು, ಮೆತ್ತನೆಯ ಬ್ರಷ್‌ನಿಂದ ತೊಳೆಯಬೇಕು. ಸರ್ವಿಸ್ ಸ್ಟೇಷನ್ನಿನ ಪ್ರೆಶರ್ ವಾಷರ್ ಬೇಡವೇ ಬೇಡ: ಅದು ಸೀಲ್ ದಾಟಿ ನೀರನ್ನು ಒಳಗೆ ನುಗ್ಗಿಸುತ್ತದೆ.

ಯೆಟಿ ರೇಸಿನ ಮನಸ್ಸಿನವರದು. ರಿಚಿ ರೂಡ್ 2015 ಮತ್ತು 2016ರಲ್ಲಿ ಎಂಡ್ಯೂರೊ ವರ್ಲ್ಡ್ ಸೀರೀಸ್ (ಇಳಿಜಾರಿನ ಹಂತಗಳ ಸಮಯ ಲೆಕ್ಕ ಹಾಕುವ ರೇಸುಗಳ ಸರಣಿ) ಗೆದ್ದದ್ದು ಈ ಕಂಪನಿಯ ಸೈಕಲ್ ಮೇಲೆ. ಇದರ ಸ್ವಿಚ್ ಇನ್ಫಿನಿಟಿ ಎಂಬ ಸಸ್ಪೆನ್ಷನ್ ವ್ಯವಸ್ಥೆಯಲ್ಲಿ ಎರಡು ಪುಟ್ಟ ಕೊಳವೆಗಳ ಮೇಲೆ ಜಾರುವ ಪಿವಟ್ ಇದೆ. ಸಸ್ಪೆನ್ಷನ್ ಇಳಿಯತೊಡಗಿದಾಗ ಅದು ಮೇಲಕ್ಕೆ ಸರಿಯುತ್ತದೆ, ಇನ್ನೂ ಇಳಿದಾಗ ಕೆಳಗೆ ಬರುತ್ತದೆ. ಏರಿನಲ್ಲಿ ತುಳಿತ ವ್ಯರ್ಥವಾಗದಿರುವುದು ಇದರಿಂದಲೇ. ಆದರೆ ಸುಮಾರು 40 ಗಂಟೆ ಸವಾರಿಗೊಮ್ಮೆ ಗ್ರೀಸ್ ಬೇಕು. ತಪ್ಪಿಸಿದರೆ ಮಣ್ಣು ಆ ಕೊಳವೆಗಳ ಲೇಪನವನ್ನು ಗೀರುತ್ತದೆ. ಗೀರು ಬಿದ್ದ ಮೇಲೆ ಗ್ರೀಸ್ ಎಷ್ಟು ಹಾಕಿದರೂ ನುಣುಪು ಮರಳುವುದಿಲ್ಲ. ಗಂಟೆಗಳ ಲೆಕ್ಕ ಬರೆದಿಡುವ ಅಭ್ಯಾಸ ಇಲ್ಲದವರು ಇದನ್ನು ಕೊಳ್ಳಬಾರದು.

ಸ್ಪೆಷಲೈಸ್ಡ್ ಸ್ಟಂಪ್‌ಜಂಪರ್ ಇವೊ ತಾವೇ ಸ್ಪ್ಯಾನರ್ ಹಿಡಿಯುವವರಿಗೆ. ಹೆಡ್‌ಸೆಟ್ (ಹ್ಯಾಂಡಲ್ ತಿರುಗುವ ಬೇರಿಂಗ್ ಜಾಗ) ಕಪ್ ತಿರುಗಿಸಿ ಮುಂಭಾಗದ ಕೋನವನ್ನೇ ಬದಲಿಸಬಹುದು. ಬೇರಿಂಗ್ ಬದಲಿಸುವಾಗ ಮಾತ್ರ ಒಂದು ಎಚ್ಚರ. ಪಿವಟ್ ಬೇರಿಂಗ್ ಪೂರ್ತಿ ಸುತ್ತುವುದಿಲ್ಲ, ಕೆಲವೇ ಡಿಗ್ರಿ ಆಚೀಚೆ ಆಡುತ್ತದೆ. ಅದೇ ಗುಂಡು ಅದೇ ಜಾಗವನ್ನು ಒತ್ತಿ ಒತ್ತಿ ಕುಳಿ ಬೀಳಿಸುತ್ತದೆ. ಮೋಟರಿಗೆ ಹಾಕುವ ಸಾಮಾನ್ಯ ಬೇರಿಂಗ್ ಅಳತೆಗೆ ಸರಿಹೊಂದಿದರೂ ಬಾಳಿಕೆ ಬರುವುದಿಲ್ಲ. ಒಳಗೆ ಗುಂಡುಗಳನ್ನು ಬಿಡಿಬಿಡಿಯಾಗಿ ಹಿಡಿಯುವ ಕೇಜ್ ಇಲ್ಲದೆ ತುಂಬ ಗುಂಡುಗಳನ್ನೇ ಜೋಡಿಸಿದ ಬಗೆಯನ್ನು ಕೇಳಿ ತನ್ನಿ. ಈ ಮಾತು ನಾಲ್ಕೂ ಬ್ರಾಂಡಿಗೆ ಅನ್ವಯಿಸುತ್ತದೆ.

ಸ್ಕಾಟ್ ಸ್ಪಾರ್ಕ್ ಆರ್‌ಸಿ ಗಡಿಯಾರ ನೋಡಿ ತುಳಿಯುವ ಕ್ರಾಸ್‌ಕಂಟ್ರಿ, ಮ್ಯಾರಥಾನ್ ಸವಾರರದು. ಹಿಂದೆ ಮುಂದೆ 120 ಮಿ.ಮೀ. ಶಾಕ್ ಫ್ರೇಮಿನೊಳಗೇ ಇರುವುದರಿಂದ ಕೆಸರಿನ ಕಾಟ ಕಡಿಮೆ. ಸ್ಯಾಗ್, ಅಂದರೆ ಸವಾರರು ಕೂತಾಗ ಸಸ್ಪೆನ್ಷನ್ ಎಷ್ಟು ಇಳಿಯುತ್ತದೆ ಎಂದು ನೋಡಲು ಹೊರಗೆ ಗುರುತು ಇದೆ. ತೊಂದರೆ ಬೇರೆ ಕಡೆ: ಕೇಬಲ್ಲು, ಬ್ರೇಕ್ ಹೋಸ್ ಎಲ್ಲ ಹೆಡ್‌ಸೆಟ್ ಮೂಲಕ ಹೋಗುತ್ತವೆ. ಮೇಲಿನ ಬೇರಿಂಗ್ ಬದಲಿಸಲು ಹೋಸ್ ಬಿಚ್ಚಬೇಕು, ಹೋಸಿನ ತುದಿಗೆ ಹೊಸ ಆಲಿವ್ ಮತ್ತು ಬಾರ್ಬ್ ಎಂಬ ಪುಟ್ಟ ಜೋಡಣೆಗಳನ್ನು ಹಾಕಬೇಕು, ಬ್ರೇಕ್ ಬ್ಲೀಡ್ ಮಾಡಬೇಕು, ಅಂದರೆ ಒಳಗಿನ ಗಾಳಿ ತೆಗೆಯಬೇಕು. ಚಿಕ್ಕ ರಿಪೇರಿಗೆ ಅರ್ಧ ದಿನ.

ಸದ್ದು ಬಂದ ಕೂಡಲೇ ಬಾಟಮ್ ಬ್ರಾಕೆಟ್ (ಪೆಡಲ್ ಕ್ರ್ಯಾಂಕ್ ತಿರುಗುವ ಬೇರಿಂಗ್ ಜಾಗ) ಬಿಚ್ಚಬೇಡಿ. ಕೂತು ತುಳಿದಾಗ ಮಾತ್ರ ಬಂದರೆ ಸೀಟಿನ ಕ್ಲಾಂಪ್, ಸೀಟ್‌ಪೋಸ್ಟ್ ನೋಡಿ. ಎದ್ದು ತುಳಿದಾಗಲೂ ಬಂದರೆ ಹಿಂದಿನ ಆಕ್ಸಲ್ ಒರೆಸಿ, ಗ್ರೀಸ್ ಹಚ್ಚಿ, ಅದರ ಮೇಲೆ ಅಚ್ಚಾದ ಟಾರ್ಕಿಗೆ, ಅಂದರೆ ಬಿಗಿತದ ಅಳತೆಗೆ ಬಿಗಿಯಿರಿ. ಎಷ್ಟೋ ಸಲ ಅಲ್ಲಿಗೇ ಮುಗಿಯುತ್ತದೆ.

ಸೆಕೆಂಡ್ ಹ್ಯಾಂಡ್ ಕೊಳ್ಳುವವರು ಮಾರುವವರ ಅನುಮತಿ ಕೇಳಿ ಶಾಕ್‌ನ ಒಂದು ಬೋಲ್ಟ್ ಬಿಚ್ಚಿ, ಹಿಂಭಾಗವನ್ನು ಕೈಯಲ್ಲಿ ಮೆಲ್ಲಗೆ ಎತ್ತಿ ಇಳಿಸಿ. ನುಣ್ಣಗೆ ಬಂದರೆ ಬೇರಿಂಗ್ ಸರಿಯಿದೆ. ಮರಳು ಅರೆದಂತೆ ಅನ್ನಿಸಿದರೆ ಅಥವಾ ನಡುವೆ ತಡೆದರೆ ಪೂರ್ತಿ ಬೇರಿಂಗ್ ಸೆಟ್ಟಿನ ಖರ್ಚು ಕಳೆದು ಬೆಲೆ ಕೇಳಿ. ಸಾಂಟಾ ಕ್ರೂಜ್ ಆದರೂ ಅಷ್ಟೇ, ಆ ಉಚಿತ ಬೇರಿಂಗ್ ಎರಡನೇ ಮಾಲೀಕರಿಗೆ ಬರುವುದಿಲ್ಲ.